ಕಾಯಿಲ್‌ನ ಪ್ಲಗ್ ಯಾಕೆ ಕರಗಿತು? ಎರಡು ಅಳತೆ, ಎರಡು ಲೆಕ್ಕ

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಂಡ್ಯದ ನಮ್ಮ ಮನೆಯ ಬಚ್ಚಲಿನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ನೀರು ಕಾಯಿಸುವ ಕಾಯಿಲ್‌ನ ಸ್ವಿಚ್ ಆರಿಸಿ ಪ್ಲಗ್ ಕಿತ್ತು ನೋಡಿದೆ. ಒಂದು ಪಿನ್ನಿನ ಬುಡ ಮಾತ್ರ ಕಂದಾಗಿ ಮೆತ್ತಗಾಗಿತ್ತು. ಪಕ್ಕದ ಪಿನ್ ಹೊಸದರಂತೆ ಹೊಳೆಯುತ್ತಿತ್ತು. ಕರೆಂಟ್ ಮಿತಿಮೀರಿದರೆ ತಾನೇ ಆರುವ ಸ್ವಿಚ್, ಅಂದರೆ ಎಂಸಿಬಿ, ಬಿದ್ದಿರಲಿಲ್ಲ, ನೀರೂ ಕಾದಿತ್ತು. ಹಾಗಾದರೆ ಇಷ್ಟು ಬಿಸಿ ಎಲ್ಲಿಂದ? ಹೈಸ್ಕೂಲಿನಲ್ಲಿ ಕಲಿತ ಎರಡು ಲೆಕ್ಕ ಗೊತ್ತಿದ್ದರೆ ಸಾಕು, ಇದು ಬಿಡಿಸಿಟ್ಟ ಹಾಗೆ ಕಾಣುತ್ತದೆ.

ಮೊದಲು ಒಂದು ಮಾತು. ‘ಕರೆಂಟ್ ಹೋಯ್ತು’ ಅನ್ನುತ್ತೇವಲ್ಲ, ಆಗ ನಿಜಕ್ಕೂ ಹೋಗುವುದು ವೋಲ್ಟೇಜ್. ವೋಲ್ಟೇಜ್ ಅಂದರೆ ತಳ್ಳುವ ಒತ್ತಡ. ಕರೆಂಟ್ ಅಂದರೆ ತಂತಿಯಲ್ಲಿ ಹರಿಯುವ ಪ್ರಮಾಣ, ಅದರ ಅಳತೆ ಆಂಪಿಯರ್. ಹರಿವಿಗೆ ಅಡ್ಡ ಬರುವುದು ರೋಧ, ಅದರ ಅಳತೆ ಓಮ್. ಮೂರಕ್ಕೂ ಇರುವ ನಂಟನ್ನು ಜರ್ಮನಿಯ ಗಿಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದರು.

ಮೊದಲ ಹೆಜ್ಜೆ ಅಳತೆ. ವೋಲ್ಟೇಜನ್ನು ಮಲ್ಟಿಮೀಟರ್ ತೋರಿಸುತ್ತದೆ. ಕರೆಂಟಿಗೆ ತಂತಿಯನ್ನು ಇಕ್ಕಳದಂತೆ ಸುತ್ತಿ ಹಿಡಿಯುವ ಕ್ಲಾಂಪ್ ಮೀಟರೇ ಒಳ್ಳೆಯದು. ಮಲ್ಟಿಮೀಟರನ್ನು ಆಂಪಿಯರ್‌ಗೆ ತಿರುಗಿಸಿ ಸುಮ್ನೆ ಸಾಕೆಟ್ಟಿಗೆ ಚುಚ್ಚಬೇಡಿ, ನೇರ ಶಾರ್ಟ್ ಆಗುತ್ತದೆ. ಕ್ಲಾಂಪ್ ಒಳಗೆ ಒಂದೇ ತಂತಿ ಇರಬೇಕು. ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗಿದ್ದರೆ ಸೊನ್ನೆ ತೋರಿಸುತ್ತದೆ. ಅಭ್ಯಾಸ ಇಲ್ಲದವರು ಈ ಕೆಲಸಕ್ಕೆ ಎಲೆಕ್ಟ್ರಿಷಿಯನ್ನರನ್ನೇ ಕರೆಯಿರಿ. ಪ್ಲಗ್ ಬದಲಾಯಿಸಿದ ದಿನ ನಮ್ಮ ಮನೆಯಲ್ಲಿ ಸಿಕ್ಕಿದ್ದು 212 ವೋಲ್ಟ್, 6 ಆಂಪಿಯರ್.

ರೋಧ ಬೇಕಾದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ: 212 ÷ 6 = ಸುಮಾರು 35 ಓಮ್. ಪವರ್ ಬೇಕಾದರೆ ಎರಡನ್ನೂ ಗುಣಿಸಿ: 212 × 6 = 1272 ವ್ಯಾಟ್. ಅಷ್ಟೇ.

ಆದರೆ ಕಾಯಿಲ್ ಮೇಲೆ 1500 ವ್ಯಾಟ್ ಅಂತ ಬರೆದಿದೆ! ಮೋಸವೇನೂ ಇಲ್ಲ. ಅದು 230 ವೋಲ್ಟ್ ಇದ್ದಾಗಿನ ಲೆಕ್ಕ. ಕಾಯಿಲ್‌ನ ರೋಧ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಹಾಗಾಗಿ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ. ಎರಡೂ ಇಳಿದ ಮೇಲೆ ಗುಣಲಬ್ಧ ಜಾಸ್ತಿ ಇಳಿಯುತ್ತದೆ. 180 ವೋಲ್ಟಿಗೆ ಬಂದರೆ ಕರೆಂಟ್ 5.1 ಆಂಪಿಯರ್, ಪವರ್ ಬರೀ 918 ವ್ಯಾಟ್. ಇಪ್ಪತ್ತು ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಕಾಯಿಸಲು 230 ವೋಲ್ಟಿನಲ್ಲಿ ಹತ್ತೊಂಬತ್ತು ನಿಮಿಷ ಸಾಕು, 180ರಲ್ಲಿ ಅರ್ಧ ಗಂಟೆ ಬೇಕು. ಲೋ ವೋಲ್ಟೇಜ್ ಇದ್ದರೆ ಬಿಲ್ಲು ಕಡಿಮೆ ಬರುತ್ತದೆ ಅಂದುಕೊಳ್ಳಬೇಡಿ. ಆ ನೀರಿಗೆ ಎರಡೂ ಸಲ ಖರ್ಚಾಗುವುದು ಅರ್ಧ ಯೂನಿಟ್ಟಿನ ಆಸುಪಾಸೇ. ಬಕೆಟ್ಟಿನಿಂದ ಆರಿಹೋಗುವ ಬಿಸಿ ಸೇರಿಸಿದರೆ ತಡವಾದಷ್ಟೂ ನಷ್ಟ.

ಈಗ ಪ್ಲಗ್ಗಿಗೆ ಬರೋಣ. ಎರಡೂ ಪಿನ್ನಿನಲ್ಲಿ ಹರಿದದ್ದು ಅದೇ 6 ಆಂಪಿಯರ್. ಸುಟ್ಟ ಕಡೆ ಸಾಕೆಟ್ಟಿನ ಹಿತ್ತಾಳೆ ಹಿಡಿ ಸಡಿಲವಾಗಿ, ಪಿನ್ನನ್ನು ಒಂದು ಮೂಲೆಯಲ್ಲಷ್ಟೇ ಮುಟ್ಟುತ್ತಿತ್ತು. ಅಲ್ಲಿ 1 ಓಮ್ ರೋಧ ಹುಟ್ಟಿತ್ತು ಅಂದುಕೊಳ್ಳಿ. ಆ ಜಾಗದಲ್ಲಿ ಬೀಳುವ ವೋಲ್ಟೇಜ್ 6 × 1 = 6, ಪವರ್ 6 × 6 = 36 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ ಬರೀ 25 ವ್ಯಾಟಿನದು! ಅದಕ್ಕಿಂತ ಬಿಸಿ ಹೆಚ್ಚು ಕೊಡುವ ವಸ್ತುವೊಂದು ನಮ್ಮ ಗೋಡೆಯೊಳಗೆ ಕೂತಿತ್ತು. ಎಂಸಿಬಿ ನೋಡುವುದು ಕರೆಂಟ್ ಮಿತಿಮೀರಿತೇ ಅಂತ. ಸಡಿಲ ಪಿನ್ನಿನಿಂದ ಕರೆಂಟ್ ಒಂಚೂರು ಕಡಿಮೆಯೇ ಆಗುತ್ತದೆ, ಅದು ಬೀಳುವುದಾದರೂ ಹೇಗೆ? ನನಗೆ ಇದು ಅರ್ಥವಾದ ದಿನ ಮನೆಯ ಎಲ್ಲ ಸಾಕೆಟ್ಟುಗಳನ್ನೂ ಪರೀಕ್ಷೆ ಮಾಡಿಸಿದೆ.

ಇಲ್ಲಿ ಬಳಸಿದ್ದು ಕರೆಂಟ್ × ಕರೆಂಟ್ × ರೋಧ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಾಗಲೂ ಇದೇ ಲೆಕ್ಕ ಕಾಡುತ್ತಿತ್ತು. ಅಷ್ಟು ದೂರದ ತಂತಿಗೆ ರೋಧ ಇದ್ದೇ ಇರುತ್ತದೆ. ವೋಲ್ಟೇಜನ್ನು ಎರಡರಷ್ಟು ಏರಿಸಿದರೆ ಅದೇ ಪವರ್‌ಗೆ ಅರ್ಧ ಕರೆಂಟ್ ಸಾಕು, ತಂತಿಯಲ್ಲಿ ಪೋಲಾಗುವುದು ಕಾಲು ಭಾಗವಷ್ಟೇ. ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ದು ಅದಕ್ಕೇ.

ಈ ಲೆಕ್ಕ ಕಾಯಿಲ್, ಇಸ್ತ್ರಿಪೆಟ್ಟಿಗೆಯಂಥವಕ್ಕೆ ನೇರ ಹೊಂದುತ್ತದೆ. ಗದ್ದೆಯ ಪಂಪ್‌ಸೆಟ್ಟಿಗೆ ಹೊಂದುವುದಿಲ್ಲ. ಮೋಟರಿನಲ್ಲಿ ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ಬರುವುದು ನಿಜವಾದ ವ್ಯಾಟಿಗಿಂತ ಹೆಚ್ಚು, ಪವರ್ ಫ್ಯಾಕ್ಟರ್ ಅನ್ನುವ, ಒಂದಕ್ಕಿಂತ ಕಡಿಮೆ ಇರುವ ಸಂಖ್ಯೆಯಿಂದಲೂ ಗುಣಿಸಬೇಕು. ಇನ್ನೊಂದು ವಿಷಯ, ಲೋ ವೋಲ್ಟೇಜಿನಲ್ಲಿ ಕಾಯಿಲ್ ಸುಮ್ಮನಾಗುತ್ತದೆ, ಮೋಟರು ಅದೇ ನೀರೆತ್ತಲು ಕರೆಂಟ್ ಜಾಸ್ತಿ ಎಳೆಯುತ್ತದೆ. ಬೇಸಿಗೆಯಲ್ಲಿ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಟ್ಟ ಮೋಟರುಗಳು ಅಂಗಡಿ ಮುಂದೆ ಸಾಲು ನಿಲ್ಲಲು ಇದೂ ಒಂದು ಕಾರಣ.

ಕ್ಲಾಂಪ್ ಮೀಟರ್ ಇಲ್ಲದವರು ಕಾಯಿಲ್‌ನ ಪ್ಲಗ್ ಕಿತ್ತು, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಎರಡು ಸಣ್ಣ ಪಿನ್ನುಗಳ ನಡುವೆ ಹಿಡಿಯಿರಿ. 1500 ವ್ಯಾಟಿನದಾದರೆ 35ರ ಹತ್ತಿರ ತೋರಿಸಬೇಕು. ಆಮೇಲೆ ಅರ್ಥಿಂಗ್‌ನ ದಪ್ಪ ಪಿನ್ನಿಗೂ ಒಂದೊಂದು ಸಣ್ಣ ಪಿನ್ನಿಗೂ ಹಿಡಿದು ನೋಡಿ. ಅಲ್ಲಿ ಏನಾದರೂ ಓಮ್ ತೋರಿಸಿದರೆ ಒಳಗೆ ಅರ್ಥಿಂಗ್‌ಗೆ ಕರೆಂಟ್ ಸೋರುತ್ತಿದೆ ಎಂದರ್ಥ. ಆ ಕಾಯಿಲನ್ನು ಮತ್ತೆ ನೀರಿಗೆ ಇಳಿಸಬೇಡಿ.