ಅವ್ವನ ಸೀರೆಗಳಿಂದ ಕೌದಿ ಹೊಲಿದದ್ದು

ಅವ್ವ ತೀರಿಕೊಂಡ ಮೇಲೆ ಅವಳ ಸೀರೆಗಳು ಪುಣೆಯ ಸಿಂಹಗಡ ರಸ್ತೆಯ ನಮ್ಮ ಫ್ಲ್ಯಾಟಿನ ಕಪಾಟಿನಲ್ಲಿ ಹಾಗೇ ಇದ್ದವು. ಯಾರೂ ಉಡುತ್ತಿರಲಿಲ್ಲ, ಯಾರಿಗೂ ಕೊಡಲು ಮನಸ್ಸು ಬರುತ್ತಿರಲಿಲ್ಲ. ದಸರೆ ಹತ್ತಿರ ಬಂದಾಗ ಹೊರಗೆ ತೆಗೆಯುವುದು, ಬಿಸಿಲು ತೋರಿಸುವುದು, ಮತ್ತೆ ಒಳಗಿಡುವುದು. ಒಂದು ಸಲ ದಾಳಿಂಬೆ ಬಣ್ಣದ ಇಳಕಲ್ ಸೀರೆ ಬಿಡಿಸಿ ನೋಡಿದರೆ ಮಡಿಕೆಯ ಗೆರೆಗುಂಟ ಸೀಳು ಬಿಟ್ಟಿತ್ತು. ಹುಳ ತಿಂದದ್ದಲ್ಲ. ಹಳೆಯ ನೂಲಿನ ಬಟ್ಟೆ ವರ್ಷಗಟ್ಟಲೆ ಒಂದೇ ಕಡೆ ಮಡಿಸಿದ್ದರೆ ಅಲ್ಲೇ ಎಳೆ ಮುರಿಯುತ್ತದೆ. ಜೋಪಾನ ಮಾಡುತ್ತಿದ್ದೇವೆ ಅಂದುಕೊಂಡರೂ ಸೀರೆ ಒಳಗೊಳಗೇ ಹೋಗುತ್ತಿತ್ತು.

ಬಾದಾಮಿ ಕಡೆಯಿಂದ ಚಿಗವ್ವ ಬಂದಿದ್ದಾಗ ತೋರಿಸಿದೆ. ಅವಳು ಸೀಳಿನಲ್ಲಿ ಬೆರಳು ಹಾಕಿ ನೋಡಿ, "ಉಡೂ ಸೀರಿ ಉಡು, ಹರದದ್ದು ಕೌದಿಗೆ ಹಾಕು. ಕಪಾಟಿನ್ಯಾಗ ಇಟ್ಟು ಪೂಜಿ ಮಾಡ್ತೀಯೇನು?" ಅಂದಳು. ಅದೇ ಹೊತ್ತಿಗೆ ಅಣ್ಣನ ಮಗಳು ಬಸುರಿ. ಹುಟ್ಟುವ ಕೂಸಿಗೆ ಅಜ್ಜಿಯ ಸೀರೆಯ ಕೌದಿ, ಅಂದರೆ ಹಳೆಯ ಬಟ್ಟೆಯ ಪದರ ಸೇರಿಸಿ ಕೈಯಿಂದ ಹೊಲಿದ ಹೊದಿಕೆ, ಬೇಕು ಅಂತ ಅವಳೂ ಹಟ ಹಿಡಿದಳು. ಹೀಗೆ ಕತ್ತರಿ ಕೈಗೆ ಬಂತು.

ಕತ್ತರಿಸುವ ಮುಂಚೆ ಬೇರೆ ಮಾಡುವ ಕೆಲಸ ಇತ್ತು. ಹೊಲಿಗೆಗಿಂತ ಇದೇ ಕಷ್ಟ ಅಂತ ನನ್ನ ಅಭಿಪ್ರಾಯ. ನಾಲ್ಕು ಗುಡ್ಡೆ ಮಾಡಿದೆ. ಗಟ್ಟಿ ಇರುವವು ಉಡಲು. ಹರಿದ ನೂಲಿನವು ಕೌದಿಗೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಹೊರಗೆ. ಕೊನೆಯ ಗುಡ್ಡೆ ಮುಟ್ಟಬಾರದವು. ಎಂಬತ್ತರ ದಶಕದಲ್ಲಿ ಅವ್ವ ಪಾಲಿಯೆಸ್ಟರ್ ಸೀರೆಗಳನ್ನೇ ಜಾಸ್ತಿ ಉಡುತ್ತಿದ್ದಳು. ಒಗೆದರೆ ಬೇಗ ಒಣಗುತ್ತಿತ್ತು, ಇಸ್ತ್ರಿ ಬೇಡ. ಪುಣೆಯ ಮಳೆಗಾಲದಲ್ಲಿ ಅದೇ ಅನುಕೂಲ. ಆದರೆ ಕೌದಿಗೆ ಅದು ಬರುವುದಿಲ್ಲ. ಜಾರುತ್ತದೆ, ಬೆವರು ಹೀರುವುದಿಲ್ಲ, ಪದರದೊಳಗೆ ಸುಕ್ಕುಗಟ್ಟಿ ಕೂರುತ್ತದೆ. ನೂಲೋ ಅಲ್ಲವೋ ಗೊತ್ತಾಗದಿದ್ದರೆ ಅಂಚಿನ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ. ನೂಲಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಇಳಕಲ್ ಸೀರೆಯಲ್ಲಿ ಇನ್ನೊಂದು ತೊಡಕಿದೆ. ಮೈ ನೂಲಿನದು, ಸೆರಗು ರೇಷ್ಮೆಯದು. ಮೈಯ ಹಾಸಿನ (ಉದ್ದದ) ಎಳೆಗೂ ಸೆರಗಿನ ಹಾಸಿನ ಎಳೆಗೂ ಕೊಂಡಿ ಹಾಕಿ ನೇಯ್ದಿರುತ್ತಾರೆ. ಹೀಗಾಗಿ ಒಂದೇ ಸೀರೆಯಲ್ಲಿ ಎರಡು ಸ್ವಭಾವ. ಒಗೆದರೆ ಎರಡೂ ಒಂದೇ ರೀತಿ ಕುಗ್ಗುವುದಿಲ್ಲ. ಸೆರಗನ್ನು ಒಳಪದರಕ್ಕೆ ಹಾಕಬೇಡಿ. ನಾನು ಸೆರಗುಗಳನ್ನೆಲ್ಲ ಕತ್ತರಿಸಿ ತೆಗೆದಿಟ್ಟೆ. ಕೆಂಪಿನ ನಡುವೆ ಬಿಳಿಯ ಕೋಟೆ, ಬಾಚಣಿಗೆ ಹಲ್ಲು, ಜೋಳದ ತೆನೆ ಇರುವ ಭಾಗ ಅದು. ಮಗಳು ಅದರಲ್ಲೊಂದಕ್ಕೆ ಚೌಕಟ್ಟು ಹಾಕಿಸಿ ಅವಳ ಕೋಣೆಯಲ್ಲಿ ತೂಗುಹಾಕಿದ್ದಾಳೆ. ನನಗೆ ಅಷ್ಟು ಹಿಡಿಸಲಿಲ್ಲ, ಸೆರಗು ಗೋಡೆಯ ಮೇಲೆ ಯಾಕೆ ಅನಿಸುತ್ತದೆ. ಅವಳ ಕೋಣೆ, ಅವಳಿಷ್ಟ.

ಮುಟ್ಟಬಾರದ ಗುಡ್ಡೆಯಲ್ಲಿ ಉಳಿದದ್ದು ಮುಖ್ಯವಾಗಿ ಚಂದ್ರಕಾಳಿ. ಕಪ್ಪು ಸೀರೆ, ಮೇಲೆ ಕೈಕಸೂತಿ. ಗಂಟು ಹಾಕದೆ ಹಾಕಿದ ಹೊಲಿಗೆ, ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ. ಅದಕ್ಕೆ ಕತ್ತರಿ ಹಾಕುವ ಧೈರ್ಯ ಯಾರಿಗಿದೆ? ಪುಣೆಯಲ್ಲಿ ಸಂಕ್ರಾಂತಿಗೆ ಕಪ್ಪು ಉಡುವ ಪದ್ಧತಿ ಇರುವುದರಿಂದ ಮಗಳು ಈಗ ಅದನ್ನು ಆ ದಿನ ಉಡುತ್ತಾಳೆ. ಉಳಿದ ದಿನ ಹಳೆಯ ಮಲ್ಲು (ತೆಳು ನೂಲಿನ) ಬಟ್ಟೆಯಲ್ಲಿ ಸುತ್ತಿಡುತ್ತೇವೆ. ಮಡಿಸುವಾಗ ಪ್ರತಿ ಸಲ ಮಡಿಕೆಯ ಜಾಗ ಬದಲಿಸುತ್ತೇವೆ. ನುಸಿಗುಳಿಗೆ ಸೀರೆಗೆ ತಾಗುವಂತೆ ಇಡುವುದಿಲ್ಲ.

ಒಂದು ಒಳ್ಳೆಯ ಬುದ್ಧಿ ಮಗಳದೇ. ಕತ್ತರಿಸುವ ಮುಂಚೆ ಒಂದೊಂದೇ ಸೀರೆಯನ್ನು ಚಿಗವ್ವನ ತೊಡೆಯ ಮೇಲೆ ಹಾಕಿ, ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿದಳು. ಮೊದಲು ಸುಮ್ನೆ "ಅವ್ವನ ಬಗ್ಗೆ ಹೇಳಜ್ಜಿ" ಅಂದಾಗ ಚಿಗವ್ವ ಎರಡು ಮಾತು ಹೇಳಿ ನಿಲ್ಲಿಸುತ್ತಿದ್ದಳು. ಬಟ್ಟೆ ಕೈಗೆ ಬಂದ ಕೂಡಲೇ ಮಾತು ತಾನಾಗಿ ಬಂತು. ಆ ದಾಳಿಂಬೆ ಸೀರೆ ಅವ್ವನ ಮದುವೆಯದಂತೆ. 1972ರ ಬರಗಾಲ. ಮಹಾರಾಷ್ಟ್ರದಲ್ಲೂ ನಮ್ಮ ಕಡೆಯೂ ಜನ ಕೆಲಸ ಹುಡುಕಿಕೊಂಡು ಊರು ಬಿಡುತ್ತಿದ್ದ ವರ್ಷ. ರೇಷ್ಮೆ ತರುವ ಮಾತೇ ಇರಲಿಲ್ಲ, ನೂಲಿನ ಇಳಕಲ್ಲಿನಲ್ಲೇ ಅಕ್ಕಿಕಾಳು ಬಿತ್ತು. ಮದುವೆಯಾಗಿ ಪುಣೆಗೆ ಬಂದವಳಿಗೆ ಇಲ್ಲಿ ರೇಷನ್ನಿನ ಕೆಂಪು ಮಿಲೋ ಜೋಳ ಸಿಕ್ಕಿತು. ರೊಟ್ಟಿ ಬಡಿದರೆ ಹರಿಯುತ್ತಿತ್ತಂತೆ. ಅವ್ವ ಊರಿಗೆ ಬರೆದ ಮೊದಲ ಕಾಗದದಲ್ಲಿ ಗಂಡನ ಬಗ್ಗೆ ಒಂದು ಮಾತಿಲ್ಲ, ಬರೀ ಜೋಳದ ಬಗ್ಗೆ ಬೈಗುಳ. ಇದನ್ನು ಹೇಳುತ್ತ ಚಿಗವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವ್ವ ಬದುಕಿದ್ದಾಗ ಇದನ್ನು ನಮಗೆ ಒಮ್ಮೆಯೂ ಹೇಳಿರಲಿಲ್ಲ.

ನೀವು ಹೀಗೆ ಮಾಡುವುದಾದರೆ ಸೀರೆಯ ಫೋಟೋ ಪೂರ್ತಿ ಬಿಡಿಸಿ ತೆಗೆಯಿರಿ, ಅಂಚು ಮತ್ತು ಸೆರಗು ಬೇರೆ ಬೇರೆ. ಧ್ವನಿಯ ಫೈಲಿಗೆ ಆ ಸೀರೆಯ ಹೆಸರನ್ನೇ ಕೊಡಿ. "ಹಸಿರು ಗೋಮಿ ದಡಿ" (ಗೋಮಿ ಅಂದರೆ ಇಳಕಲ್ ಅಂಚಿನ ಒಂದು ವಿನ್ಯಾಸ), "ಮಿಲೋ ಜೋಳದ ಸೀರೆ", ಹೀಗೆ. ಬರೀ ತಾರೀಖು ಹಾಕಿ ಇಟ್ಟರೆ ಆಮೇಲೆ ಯಾವುದು ಯಾವುದೋ ತಿಳಿಯುವುದಿಲ್ಲ.

ಇನ್ನು ಹೊಲಿಗೆ. ಆರು ಗಜದ ಸೀರೆ ಮೂರು ಮಡಿಕೆ ಮಾಡಿದರೆ ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಬರುತ್ತದೆ. ಮೂರು ಪದರವೂ ಆಯಿತು. ಅದರ ಮೇಲೆ ಅಪ್ಪನ ಹಳೆಯ ಧೋತರ ಒಂದು ಪದರ. ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳು. ಇದಕ್ಕಿಂತ ಜಾಸ್ತಿ ಪದರ ಹಾಕಿದರೆ ಸೂಜಿ ಹೋಗುವುದಿಲ್ಲ, ಕೈ ನೋಯುತ್ತದೆ. ಪುಣೆಯ ಚಳಿಗೆ ಇಷ್ಟು ಸಾಕು. ಧೋತರ ಹೊರಗೆ ಕಾಣುವುದಿಲ್ಲ. ಅಪ್ಪನೂ ಹಾಗೇ ಇದ್ದರು ಬಿಡಿ.

ಕತ್ತರಿಸುವ ಮುಂಚೆ ಪ್ರತಿ ಬಣ್ಣವನ್ನೂ ಬೇರೆ ಬೇರೆ ನೆನೆಹಾಕಿ. ಹಳೆಯ ಕೆಂಪು ಎಷ್ಟು ವರ್ಷವಾದರೂ ಬಣ್ಣ ಬಿಡುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಮತ್ತೊಮ್ಮೆ ನೀರಿಗೆ ಹಾಕಿ.

ಸೂಜಿ, ದಾರಕ್ಕೆ ತುಳಶಿಬಾಗಿಗೆ ಹೋದೆ. ಅಲ್ಲಿನ ಗಲ್ಲಿಗಳಲ್ಲಿ ಬಳೆ, ಪೂಜೆಯ ಪಾತ್ರೆ, ಮಕ್ಕಳ ಆಟಿಕೆ ಎಲ್ಲದರ ನಡುವೆ ಹೊಲಿಗೆ ಸಾಮಾನೂ ಸಿಗುತ್ತದೆ. ದಬ್ಬಣ ತರಬೇಡಿ. ಅದು ಗೋಣಿಚೀಲಕ್ಕೆ, ಹಳೆಯ ಬಟ್ಟೆಯಲ್ಲಿ ತೂತು ಬೀಳುತ್ತದೆ. ಕಣ್ಣು ದೊಡ್ಡದಿರುವ ಉದ್ದನೆಯ ಸೂಜಿ, ದಪ್ಪ ನೂಲಿನ ದಾರ, ಬೆರಳಿಗೆ ಅಂಗುಸ್ತಾನ ಇಷ್ಟಿದ್ದರೆ ಸಾಕು. ದಾರವನ್ನು ಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆದರೆ ಮೆತ್ತಗಾದ ಬಟ್ಟೆಯನ್ನು ಅದೇ ಕೊಯ್ಯುತ್ತದೆ.

ಪದರಗಳನ್ನು ಹಾಸಲು ಜಾಗ ಬೇಕು. ಊರಲ್ಲಿ ಪಡಸಾಲೆ ಇತ್ತು, ಇಲ್ಲಿ ಹಾಲಿನ ಸೋಫಾ ಗೋಡೆಗೆ ಸರಿಸಬೇಕಾಯಿತು. ಕೆಳಗಿನ ಮಹಡಿಯ ಮಾವಶಿ ಸಾತಾರಾ ಕಡೆಯವರು, ಗೋಧಡಿ (ಮರಾಠಿ ಕಡೆಯ ಕೌದಿ) ಹೊಲಿದು ಗೊತ್ತಿದ್ದವರು. ನೆಲದ ಮೇಲೆ ಹರಡಿದ್ದು ನೋಡಿ ಕರೆಯದೆಯೇ ಬಂದು ಕೂತರು. ನಾನು, ಚಿಗವ್ವ, ಮಾವಶಿ ಮೂರು ಕಡೆ. ಚಿಗವ್ವನಿಗೆ ಮರಾಠಿ ಬರುವುದಿಲ್ಲ, ಮಾವಶಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ನನ್ನ ಹೊಲಿಗೆ ವಕ್ರ ಅಂತ ಒಪ್ಪಿಕೊಂಡರು.

ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಬೇಕು. ಇದನ್ನು ಬಿಟ್ಟರೆ ಒಳಗಿನ ಬಟ್ಟೆ ಸರಿದು ಒಂದು ಕಡೆ ಗುಡ್ಡೆಯಾಗುತ್ತದೆ. ಆಮೇಲೆ ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತ ನಡುವಿಗೆ ಬನ್ನಿ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ತುಂಡುಗಳ ಅಂಚನ್ನು ಒಳಗೆ ಮಡಚಿ, ಅದರ ಮೇಲೇ ಹೊಲಿಗೆಯ ಸಾಲು ಹೋಗುವಂತೆ ನೋಡಿಕೊಂಡರೆ ಬೇರೆ ಹೊಲಿಗೆ ಬೇಡ. ಮೂಲೆಗಳಿಗೆ ಗುಳೇದಗುಡ್ಡ ಖಣದ ತ್ರಿಕೋನ ಇಟ್ಟೆ, ಅವ್ವನ ಕುಪ್ಪಸಗಳದ್ದು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವದಿಯ ಮೂಲೆಗಳಲ್ಲೂ ಇಂಥ ತ್ರಿಕೋನಗಳಿರುತ್ತವೆ, ಎಷ್ಟು ಚಂದ ಅಂತೀರಿ. ಮೂಲೆ ಬೇಗ ಸವೆಯುವ ಜಾಗ, ದಪ್ಪ ಇದ್ದಷ್ಟೂ ಒಳ್ಳೆಯದು.

ಮಳೆಗಾಲ ಮುಗಿದ ಮೇಲೆ ಹಿಡಿದ ಕೆಲಸ ಚಳಿ ಹೋಗುವ ಹೊತ್ತಿಗೆ ಮುಗಿಯಿತು. ಅಮಾವಾಸ್ಯೆ ದಿನ ಚಿಗವ್ವ ಸೂಜಿ ಮುಟ್ಟಲಿಲ್ಲ, ನಾನು ಮುಟ್ಟಿದೆ. ಅವಳು ನೋಡಿಯೂ ನೋಡದಂತಿದ್ದಳು.

ಕೊನೆಯ ಹೊಲಿಗೆಗೆ ಮುಂಚೆ ಕೌದಿಯ ಹೊಟ್ಟೆ ತುಂಬಿಸಬೇಕು. ಅವ್ವ ನಡುವೆ ಹೋಳಿಗೆಯ ತುಣುಕಿಟ್ಟು ಮೇಲೆ ಚೌಕದ ತುಂಡು ಹೊಲಿಯುತ್ತಿದ್ದಳು. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಹಸಿದು ಮಲಗಿಸುವುದಿಲ್ಲ ಅನ್ನುತ್ತಿದ್ದಳು. ಮಾವಶಿಯ ಊರಲ್ಲೂ ಒಂದು ತುತ್ತು ಇಡುತ್ತಾರಂತೆ. ಆದರೆ ನಮ್ಮ ಕಟ್ಟಡದ ಇರುವೆಗಳು ಬೆಲ್ಲದ ವಾಸನೆಗೆ ಮೂರು ಮಹಡಿ ಹತ್ತಿ ಬರುವಂಥವು. ಬಹಳ ಚರ್ಚೆ ಆಯಿತು. ಕಡೆಗೆ ಹೋಳಿಗೆ ಮಾಡಿ, ತಟ್ಟೆಯನ್ನು ಕೌದಿಯ ನಡುವೆ ಇಟ್ಟು, ಅರಿಷಿಣ ಕುಂಕುಮ ಏರಿಸಿ, ಹೋಳಿಗೆ ನಾವು ತಿಂದೆವು. ನಡುವಿನ ಚೌಕದೊಳಗೆ ಅವ್ವ ತಲೆದಿಂಬಿನ ಕೆಳಗಿಡುತ್ತಿದ್ದ ಎಲೆಅಡಿಕೆ ಚೀಲದ ಬಟ್ಟೆ ಹೋಯಿತು. ಅವಳ ಅಡಕೊತ್ತು ಬೇರೆ ಇದೆ. ಅದನ್ನು ಹಾಗೇ ಇಟ್ಟಿದ್ದೇನೆ, ನಮ್ಮಲ್ಲಿ ಈಗ ಅಡಿಕೆ ತಿನ್ನುವವರಿಲ್ಲ. ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳಕರ ಮ್ಯೂಸಿಯಮ್ಮಿನಲ್ಲಿ ಇಂಥ ಅಡಕೊತ್ತುಗಳು, ದೀಪಗಳು ಸಾಲುಸಾಲಾಗಿವೆ. ದಿನಕರ ಕೇಳಕರ ಅವರು ಮನೆಮನೆಯ ಸಾಮಾನು ಕೂಡಿಸಿ, ಚಿಕ್ಕಂದಿನಲ್ಲೇ ತೀರಿಹೋದ ಮಗ ರಾಜಾನ ಹೆಸರಿಟ್ಟು, 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ಸಂಗ್ರಹ ಅದು. ಬಳಕೆ ನಿಂತ ವಸ್ತುವಿಗೆ ಗಾಜಿನ ಕಪಾಟು ಸರಿ. ಹಾಸಿ ಹೊದೆಯಲು ಬರುವುದನ್ನು ಹಾಗೆ ಇಡುವುದು ನನಗೆ ಒಪ್ಪಿಗೆಯಿಲ್ಲ.

ಕೂಸಿನ ಕೌದಿಯ ಕತೆ ಬೇರೆ. ವೈನಿ, ಅಂದರೆ ಅಣ್ಣನ ಹೆಂಡತಿ, ಒಪ್ಪಲಿಲ್ಲ. "ಹ್ವಾದವರ ಅರಿವಿ ಹಸಗೂಸಿಗೆ ಹೊಚ್ಚಬಾರ್ದು" ಅಂದರು. ಚಿಗವ್ವ, ನಿಮ್ಮವ್ವನೇ ತನ್ನ ಅವ್ವನ ಸೀರೆಯಲ್ಲಿ ನಿಮ್ಮನ್ನೆಲ್ಲ ಸುತ್ತಿ ಬೆಳೆಸಿಲ್ಲವೇ ಅಂತ ಜಗಳಕ್ಕೆ ನಿಂತಳು. ನಾನು ವೈನಿಯ ಕಡೆ. ಬಾಣಂತನ ಮಾಡುವವರು ಅವರು, ಅವರ ಮನಸ್ಸಿನಲ್ಲಿ ಅಳುಕು ಉಳಿಯಬಾರದು ಅಲ್ವಾ? ಅವ್ವ ಬದುಕಿದ್ದಾಗಲೇ ವೈನಿಗೆ ಕೊಟ್ಟು, ವೈನಿ ಉಟ್ಟು ಹಳೆಯದು ಮಾಡಿದ ಒಂದು ಸೀರೆ ಇತ್ತು. ಅದನ್ನೇ ತೆಗೆದುಕೊಂಡೆವು. ಎರಡೇ ಪದರ, ಸಣ್ಣ ಹೊಲಿಗೆ, ಗಂಟುಗಳೆಲ್ಲ ಪದರದ ಒಳಗೆ. ಜರಿ, ಗುಂಡಿ, ಮಣಿ ಏನೂ ಬೇಡ, ಕೂಸು ಬಾಯಿಗೆ ಹಾಕುತ್ತದೆ.

ದೊಡ್ಡ ಕೌದಿಯ ಹಿಂಬದಿಯ ಮೂಲೆಯಲ್ಲಿ ಒಂದು ಬಿಳಿ ಪಟ್ಟಿ ಹೊಲಿದು, ಯಾರ ಸೀರೆ, ಯಾವ ಊರಿನದು, ಹೊಲಿದವರು ಯಾರು ಅಂತ ದಾರದಲ್ಲೇ ಬರೆದಿದ್ದೇವೆ. ಶಾಯಿ ಒಗೆತಕ್ಕೆ ಹೋಗುತ್ತದೆ. ಮಾವಶಿಯ ಹೆಸರು ಮರಾಠಿಯಲ್ಲಿ ಅವರೇ ಹಾಕಿದರು.

ಒಗೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಆಗಾಗ ಒಗೆಯಬೇಡಿ, ಬಿಸಿಲಿಗೆ ಹಾಕಿದರೆ ಸಾಕು. ಒಗೆಯಲೇಬೇಕಾದರೆ ದೊಡ್ಡ ಟಬ್ಬಿನಲ್ಲಿ ತಣ್ಣೀರು, ಸ್ವಲ್ಪ ಮೆದು ಸೋಪು, ಕಾಲಿನಿಂದ ತುಳಿಯುವುದು. ನೆನೆದ ಕೌದಿ ಒಬ್ಬರಿಂದ ಎತ್ತಲಾಗುವುದಿಲ್ಲ, ಇಬ್ಬರು ಬೇಕು. ಹಿಂಡಬಾರದು, ಗಚ್ಚಿಯ ಕಟ್ಟೆಯ ಮೇಲೆ ನೀರು ಸೋರಲು ಬಿಡಿ. ಮೇ ತಿಂಗಳಾದರೆ ಒಂದೇ ದಿನಕ್ಕೆ ಒಣಗುತ್ತದೆ. ಜೂನ್ ಬಂದ ಮೇಲೆ ನೀರಿಗೆ ಹಾಕಲೇಬೇಡಿ, ಮುಗ್ಗಲು ವಾಸನೆ ಹಿಡಿದರೆ ದೀಪಾವಳಿಯವರೆಗೂ ಬಿಡುವುದಿಲ್ಲ.