ಚಿಪ್ಸ್ ಲೋಡ್ ಊಟಿಗೆ ಹೋಗುತ್ತಿದ್ದರೆ

ಮೈಸೂರಿನಲ್ಲಿ ತಿಂಡಿ ಕಂಪನಿ ಗಾಡಿಗೆ ಹೊಸದಾಗಿ ಸೇರಿರುವ ತಮ್ಮಂದಿರೇ, ಚಿಪ್ಸ್ ಹಗುರ ಅಂತ ಸುಮ್ನೆ ಇರಬೇಡಿ. ತೂಕ ಕಮ್ಮಿ, ಬಾಡಿ ಎತ್ತರ. ಅಡ್ಡಗಾಳಿ ಹೊಡೆದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ವೇಗ ಇಳಿಸಿ.

ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ 2,240. ಮೇಲೆ ಹತ್ತಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಪ್ಯಾಕೆಟ್ ಒಳಗಿನ ನೈಟ್ರೋಜನ್ ಹಿಗ್ಗುತ್ತದೆ. ಮೊದಲ ಟ್ರಿಪ್‌ನಲ್ಲಿ ನಾನು ಚಿಪ್ಸ್ ಮೇಲೆ ಮಿಕ್ಸ್ಚರ್ ಬಾಕ್ಸ್ ಹೇರಿದ್ದೆ. ಬಾಗಿಲು ತೆಗೆದರೆ ಪ್ಯಾಕೆಟ್‌ಗಳು ದಿಂಬಿನ ಹಾಗೆ ಉಬ್ಬಿದ್ದವು, ಕೆಳಗಿನ ಸಾಲಿನಲ್ಲಿ ಎಷ್ಟೋ ಅಂಟಿನ ಹತ್ತಿರವೇ ಬಿರಿದಿದ್ದವು. ತುಂಬಾ ಹೊಟ್ಟೆ ಉರಿಯಿತು. ಭಾರದ್ದು ಯಾವಾಗಲೂ ಕೆಳಗಿರಲಿ.

ಅಂಗಡಿಯವರ ಎದುರೇ ಎಣಿಸಿ, ಒಡೆದದ್ದನ್ನು ಬಿಲ್‌ನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡುವುದಿಲ್ಲ. ಮಧ್ಯಾಹ್ನವೇ ಹೊರಡಿ.