ನದಿಗೆ ಯೋಜನೆ ಬಂತೇ? ಆಕ್ಷೇಪಣೆ ಬರೆಯುವುದು ಹೀಗೆ

ನದಿಗೆ ಅಣೆಕಟ್ಟೋ ಸುರಂಗವೋ ಹಡಗಿನ ಬಂದರೋ ಬರುತ್ತದೆ ಅಂದ ಕೂಡಲೇ ಊರಿನವರು ಮೊದಲು ಬ್ಯಾನರ್ ಬರೆಸುತ್ತಾರೆ. ಬರೆಸಲಿ, ಅದೂ ಬೇಕು. ಆದರೆ ಅಹವಾಲು ಸಭೆಯಲ್ಲಿ ಮೈಕ್ ಹಿಡಿದು ಗಂಟಲು ಹರಿಯುವ ಹಾಗೆ ಮಾತಾಡಿದವರ ಮಾತೆಲ್ಲ ನಡಾವಳಿಯಲ್ಲಿ ‘ಸ್ಥಳೀಯರು ವಿರೋಧ ವ್ಯಕ್ತಪಡಿಸಿದರು’ ಅನ್ನುವ ಒಂದೇ ಸಾಲಾಗಿ ಮುಗಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಅದೇ ಮಾತನ್ನು ಎರಡು ಪುಟದಲ್ಲಿ ಬರೆದು ಕೊಟ್ಟಿದ್ದರೆ ಅದಕ್ಕೆ ಉತ್ತರ ಕೊಡಲೇಬೇಕಾಗಿತ್ತು.

ಅಮೆರಿಕದಲ್ಲಿ 1968ರಲ್ಲೇ ಒಂದು ಕಾಯ್ದೆ ಬಂತು. ಕೆಲವು ನದಿಗಳನ್ನು ಹೆಸರಿಸಿ, ಇವು ಹೀಗೇ ಹರಿಯಲಿ, ಇವಕ್ಕೆ ಅಣೆಕಟ್ಟು ಬೇಡ ಎಂದು ಬರೆದಿಟ್ಟರು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಹಾಗಾಗಿ ಪ್ರತಿ ಯೋಜನೆಗೂ ಹೊಸದಾಗಿ ಆಕ್ಷೇಪಣೆ ಬರೆಯಬೇಕು, ಬೇರೆ ದಾರಿ ಇಲ್ಲ. ನಮ್ಮ ಉತ್ತರ ಕನ್ನಡದ ಅಘನಾಶಿನಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಹತ್ತಿರ ಸಮುದ್ರ ಸೇರುವ ಈ ಹೊಳೆಗೆ ಇವತ್ತಿಗೂ ದೊಡ್ಡ ಅಣೆಕಟ್ಟು ಇಲ್ಲ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದಿತ್ತು, ಜನ ಒಪ್ಪಲಿಲ್ಲ, ಅದು ನಿಂತಿತು. ಈಗ ನೀರನ್ನು ಮೇಲೆತ್ತಿ ಬಯಲುಸೀಮೆಯ ವೇದಾವತಿ ನದಿಗೆ ಒಯ್ಯುವ ಮಾತು.

ಮೊದಲು: ದಿನಾಂಕ ಹಿಡಿಯಿರಿ

ಪರಿಸರ ಅನುಮತಿಗೆ 2006ರ ಇಐಎ (ಪರಿಸರ ಪರಿಣಾಮದ ಅಂದಾಜು) ಅಧಿಸೂಚನೆಯೇ ಆಧಾರ. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ ಇರಬೇಕು. ಆ 30 ದಿನವೇ ನಿಮ್ಮ ಸಮಯ. ಪ್ರಕಟಣೆಯನ್ನು ಕತ್ತರಿಸಿ ಇಟ್ಟುಕೊಳ್ಳಿ.

ಎರಡನೆಯದು: ವರದಿ ತನ್ನಿ

ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗಳಲ್ಲಿ ಓದಲು ಸಿಗಬೇಕು. ಕನ್ನಡದ ಸಾರಾಂಶ ಓದಿ ಸುಮ್ನೆ ಎದ್ದು ಬರಬೇಡಿ. ಅದರಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ಪೂರ್ತಿ ವರದಿಯೇ ಬೇಕು, ಇಂಗ್ಲಿಷ್ ಓದುವ ಕಾಲೇಜು ಹುಡುಗ ಹುಡುಗಿಯರನ್ನು ಜೊತೆಗೆ ಕೂರಿಸಿಕೊಳ್ಳಿ.

ಮೂರನೆಯದು: ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ

‘ನದಿ ನಮ್ಮ ತಾಯಿ, ಯೋಜನೆ ಕೈಬಿಡಿ’ ಎಂದು ಬರೆದರೆ ಓದಿದ ಅಧಿಕಾರಿ ತಲೆ ಆಡಿಸಬಹುದು, ಆದರೆ ಉತ್ತರ ಕೊಡಬೇಕಾಗಿಲ್ಲ. ಉತ್ತರ ಕೊಡಲೇಬೇಕಾದ ಪ್ರಶ್ನೆಯಲ್ಲಿ ಮೂರು ತುಂಡು ಇರುತ್ತವೆ: ವರದಿ ಏನು ಹೇಳಿದೆ (ಪುಟದ ಸಂಖ್ಯೆ ಸಮೇತ), ಸ್ಥಳದಲ್ಲಿ ನಿಜವಾಗಿ ಏನಿದೆ (ಸಾಕ್ಷಿ ಸಮೇತ), ನೀವು ಕೇಳುವುದೇನು.

ಮೊದಲ ತುಂಡಿಗೆ ವರದಿಯಲ್ಲಿ ಎರಡು ಕಡೆ ಹುಡುಕಿ. ಒಂದು, ಸಮೀಕ್ಷೆ ಯಾವ ತಿಂಗಳಲ್ಲಿ ನಡೆದಿದೆ? ಮಾರ್ಚಿನಲ್ಲಿ ಬಂದು ಹೊಳೆ ನೋಡಿ ಹೋದವರಿಗೆ ಜುಲೈ ಹೊಳೆ ಗೊತ್ತಿರುವುದಿಲ್ಲ. ಇನ್ನೊಂದು, ‘ಸಮುದ್ರಕ್ಕೆ ವ್ಯರ್ಥವಾಗಿ ಸೇರುವ ನೀರು’ ಅನ್ನುವ ಅರ್ಥದ ಮಾತು ಎಲ್ಲಿದೆ? ನದಿ ತಿರುಗಿಸುವ ಯೋಜನೆ ನಿಂತಿರುವುದೇ ಈ ಒಂದು ಮಾತಿನ ಮೇಲೆ. ನಿಮ್ಮ ಪೂರ್ತಿ ಶಕ್ತಿ ಇದರ ಮೇಲೆ ಇರಲಿ.

ಅಘನಾಶಿನಿಯಲ್ಲಿ ಆ ನೀರು ಏನು ಮಾಡುತ್ತದೆ ನೋಡಿ. ಮಳೆಗಾಲದ ಸಿಹಿನೀರು ಇಳಿದು ಬಂದು ಗಜನಿ ಗದ್ದೆಯ, ಅಂದರೆ ಸಮುದ್ರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ, ಉಪ್ಪು ತೊಳೆಯುತ್ತದೆ. ಆಮೇಲೇ ಕಗ್ಗ ಭತ್ತ ಬೆಳೆಯುವುದು. ಕಗ್ಗ ಸ್ವಲ್ಪ ಉಪ್ಪು ತಡೆಯುತ್ತದೆ, ನೆರೆ ಬಂದು ಮುಳುಗಿದರೂ ತಡೆಯುತ್ತದೆ, ಆದರೆ ಸಿಹಿನೀರೇ ಬಾರದ ಗದ್ದೆಯಲ್ಲಿ ಬೆಳೆಯುವುದಿಲ್ಲ. ಕೆಳಗೆ ಅಳಿವೆಯಲ್ಲಿ ನೀರು ಇಳಿತವಾದಾಗ ಹೆಂಗಸರು ಬುಟ್ಟಿ ಹಿಡಿದು ಕೆಸರಿಗೆ ಇಳಿಯುತ್ತಾರೆ, ಬಳಚು ಅನ್ನುವ ಚಿಪ್ಪುಜೀವಿ ಹೆಕ್ಕುತ್ತಾರೆ. ಉಪ್ಪುನೀರಿಗೆ ಸಿಹಿನೀರು ಎಷ್ಟು ಬೆರೆಯುತ್ತದೆ ಅನ್ನುವುದರ ಮೇಲೆ ಬಳಚಿನ ಬದುಕು. ಉಬ್ಬರ ಇಳಿತ ಎರಡನ್ನೂ ಕಂಡ ಆ ನೀರನ್ನು ವ್ಯರ್ಥ ಅನ್ನಲು ಸಾಧ್ಯವಾ? ಇದನ್ನು ಬರೆಯಬೇಕು, ಹೀಗೆ:

‘ವರದಿಯ ಇಂಥ ಪುಟದಲ್ಲಿ, ಕೆಳಭಾಗದಲ್ಲಿ ಈ ನೀರಿನ ಬಳಕೆ ಇಲ್ಲ ಎಂದಿದೆ. ನಮ್ಮ ಊರಿನ ಇಷ್ಟು ಮನೆಯವರು ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಬಳಚು ಹೆಕ್ಕಿ ಮಾರುತ್ತೇವೆ, ಹೆಸರಿನ ಪಟ್ಟಿ ಮತ್ತು ಫೋಟೊ ಲಗತ್ತಿಸಿದೆ. ಮೇಲೆ ನೀರು ಎತ್ತಿದರೆ ಅಳಿವೆಯ ಉಪ್ಪಿನ ಅಂಶ ಪ್ರತಿ ತಿಂಗಳು ಎಷ್ಟು ಬದಲಾಗುತ್ತದೆ ಎಂಬ ಅಧ್ಯಯನ ವರದಿಯಲ್ಲಿ ಇಲ್ಲ. ಮಳೆಗಾಲವೂ ಸೇರಿದ ಅಧ್ಯಯನ ಮಾಡಿಸಿ, ಅದರ ಮೇಲೆ ಮತ್ತೆ ಅಹವಾಲು ಸಭೆ ಕರೆಯಬೇಕು.’

ಇಷ್ಟೇ. ಬೈಗುಳ ಇಲ್ಲ, ಕವನ ಇಲ್ಲ. ಒಂದು ಪತ್ರಕ್ಕೆ ಮೂರು ನಾಲ್ಕು ಪ್ರಶ್ನೆ ಸಾಕು, ಜಾಸ್ತಿ ಆದರೆ ಮುಖ್ಯವಾದದ್ದು ಮುಚ್ಚಿಹೋಗುತ್ತದೆ. ಬಳಚಿನವರು ಬಳಚಿನ ಬಗ್ಗೆ ಬರೆಯಲಿ, ಘಟ್ಟದ ಮೇಲಿನವರು ಹೊಳೆ ದಂಡೆಯ ಅಪ್ಪೆಮಿಡಿ ಮರಗಳ ಬಗ್ಗೆ ಬರೆಯಲಿ, ಯಾವ ಮರ ಯಾರ ಗಡಿಯಲ್ಲಿ ಎಷ್ಟು ವರ್ಷದಿಂದ ಇದೆ ಎಂದು ಅವರಿಗೇ ಗೊತ್ತು. ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ರೆಡಿಮೇಡ್ ಅರ್ಜಿಗೆ ಹೆಸರು ತುಂಬಿ ಕೊಡುವುದು ದಯವಿಟ್ಟು ಬೇಡ. ಒಂದೇ ಒಕ್ಕಣೆಯ ಐನೂರು ಪತ್ರಗಳನ್ನು ಒಂದೇ ಆಕ್ಷೇಪಣೆ ಎಂದು ಕಟ್ಟಿ ಇಡುತ್ತಾರೆ. ಕೈಬರಹ ಆದರೂ ಸರಿ, ನಿಮ್ಮದೇ ಮಾತು ಇರಲಿ.

ಸಾಕ್ಷಿಯ ವಿಷಯ. ಫೋಟೊದಲ್ಲಿ ಗುರುತು ಸಿಗುವ ಬಂಡೆಯೋ ಸೇತುವೆಯೋ ದೇವಸ್ಥಾನದ ಮೆಟ್ಟಿಲೋ ಇರಲಿ, ಅದೇ ಜಾಗದಿಂದ ಬೇರೆ ಬೇರೆ ಕಾಲದಲ್ಲಿ ತೆಗೆದಿರಲಿ. ಫೋಟೊ ಮೇಲೆ ದಿನಾಂಕ ಅಂಟಿಸುವ ಉಚಿತ ಆ್ಯಪ್‌ಗಳಲ್ಲಿ ಕೆಲವು ದಿನಾಂಕವನ್ನು ಕೈಯಲ್ಲೇ ಬದಲಾಯಿಸಲು ಬಿಡುತ್ತವೆ, ಅಂಥವನ್ನು ಯಾರೂ ನಂಬುವುದಿಲ್ಲ. ಫೋನಿನ ಮೂಲ ಫೋಟೊ ಅಳಿಸದೆ ಇಡಿ. ಆನ್‌ಲೈನ್‌ನಲ್ಲಿ ಸಿಗುವ ಟಿಡಿಎಸ್ ಪೆನ್ನು ತಂದು ಹೊಳೆಗೆ ಅದ್ದಿ ‘ನೀರು ಶುದ್ಧ’ ಎಂದು ಬರೆಯುವವರೂ ಇದ್ದಾರೆ. ಅದು ಕರಗಿದ ಲವಣದ ಅಂದಾಜು ಕೊಡುತ್ತದೆ ಅಷ್ಟೇ, ಕೊಳಕು ಇದೆಯೋ ಇಲ್ಲವೋ ಹೇಳುವುದಿಲ್ಲ. ಅಳಿವೆಯಲ್ಲಂತೂ ಉಬ್ಬರಕ್ಕೊಂದು ಅಂಕಿ, ಇಳಿತಕ್ಕೊಂದು ಅಂಕಿ. ಆ ದುಡ್ಡಿಗೆ ಜೆರಾಕ್ಸ್ ಮಾಡಿಸಿ.

ಅದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಗ್ರಾಮ ಪಂಚಾಯ್ತಿಯಲ್ಲೇ ಇರಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಕೇಳಿ, ನಿಮ್ಮ ಭಾಗದ ಪುಟ ಲಗತ್ತಿಸಿ. ಗ್ರಾಮಸಭೆಯ ಠರಾವು ಇದ್ದರೆ ಅದನ್ನೂ ಸೇರಿಸಿ. ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ (ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ್ದು 2024ರಲ್ಲಿ ಪ್ರಕಟವಾಯಿತು, 4,801 ಹೆಕ್ಟೇರ್. ಮೇಲಿನ ಕಾಡು 2011ರಲ್ಲೇ ಸಿಂಗಳೀಕಗಳಿಗಾಗಿ ಸಂರಕ್ಷಿತ ಮೀಸಲು ಆಗಿತ್ತು. ವರದಿಯಲ್ಲಿ ಇವೆರಡರ ಹೆಸರು ಇಲ್ಲದಿದ್ದರೆ ಅದೇ ನಿಮ್ಮ ಮೊದಲ ಪ್ರಶ್ನೆ.

ನಾಲ್ಕನೆಯದು: ಕೊಡುವುದು

ಎರಡು ಪ್ರತಿ. ಒಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ರುಜು ಹಾಕಿಸಿಕೊಳ್ಳಿ. ‘ಆಮೇಲೆ ಬನ್ನಿ’ ಅಂದರೆ ಅಲ್ಲೇ ನಿಲ್ಲಿ. ಇಮೇಲ್ ಒಂದನ್ನೇ ನಂಬಬೇಡಿ, ಸ್ಪೀಡ್ ಪೋಸ್ಟ್ ಕೂಡ ಮಾಡಿ.

ಐದನೆಯದು: ಸಭೆಯ ದಿನ

ಹೆಸರು, ಊರು, ಮೂರು ಪ್ರಶ್ನೆ ಹೇಳಿ ಕುಳಿತುಕೊಳ್ಳಿ. ಸಭೆಯ ವಿಡಿಯೊ ಆಗಬೇಕು ಅನ್ನುವುದು ನಿಯಮ, ಹಾಗಾಗಿ ಕ್ಯಾಮೆರಾ ಇದೆಯಾ ನೋಡಿ. ಮುಗಿಯುವಾಗ ಜನ ಹೇಳಿದ್ದರ ಸಾರವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಹೆಚ್ಚಿನವರು ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು ಎಂದು ಹೋಗಿಬಿಡುತ್ತಾರೆ. ಊರಿಗೆ ಇಬ್ಬರಾದರೂ ಕೊನೆವರೆಗೆ ಕೂರಲೇಬೇಕು. ನಿಮ್ಮ ಪ್ರಶ್ನೆ ಓದದೆ ಬಿಟ್ಟರೆ ಅಲ್ಲೇ ಎದ್ದು ಸೇರಿಸಲು ಹೇಳಿ.

ಆಮೇಲೆ

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ಆಗಾಗ ನೋಡುತ್ತಿರಿ. ಅಂತಿಮ ವರದಿಯಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ, ಸೀಲು ಬಿದ್ದ ಪ್ರತಿಯ ಜೆರಾಕ್ಸ್ ಸಮೇತ ತಜ್ಞರ ಸಮಿತಿಗೆ ಬರೆಯಿರಿ. ಅನುಮತಿ ಕೊಟ್ಟೇಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು, ನಮಗೆ ಚೆನ್ನೈ ಪೀಠ. ಅದಕ್ಕೆ ಇರುವುದು 30 ದಿನ. ಸರಿಯಾದ ಕಾರಣ ತೋರಿಸಿದರೆ ಇನ್ನೂ 60 ದಿನದವರೆಗೆ ಒಪ್ಪಬಹುದು, ಅದರ ಆಚೆಗೆ ಇಲ್ಲ. ಆದ್ದರಿಂದ ವಕೀಲರನ್ನು ಹುಡುಕುವ ಕೆಲಸವನ್ನು ಅಹವಾಲು ಸಭೆ ಮುಗಿದ ವಾರವೇ ಶುರು ಮಾಡಿ.